ಮಕ್ಕಳ ತಟ್ಟೆಯಲ್ಲಿ ಮಸಾಲೆ: ಎಷ್ಟು, ಯಾವ ವಯಸ್ಸಿಗೆ, ಯಾವ ರೂಪದಲ್ಲಿ

2023ರ ಅಕ್ಟೋಬರ್ ಹೊತ್ತಿಗೆ ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಆರೋಗ್ಯ ಇಲಾಖೆ ನಾಲ್ಕು ಮಕ್ಕಳ ರಕ್ತದಲ್ಲಿ ಸೀಸ ಏಕೆ ಏರಿದೆ ಎಂದು ಹುಡುಕುತ್ತಿತ್ತು. ಇಂಥ ಹುಡುಕಾಟ ಸಾಮಾನ್ಯವಾಗಿ ಹಳೆಯ ಮನೆಯ ಗೋಡೆಬಣ್ಣಕ್ಕೋ ನೀರಿನ ಕೊಳವೆಗೋ ಹೋಗಿ ಮುಟ್ಟುತ್ತದೆ. ಈ ಸಲ ಮುಟ್ಟಿದ್ದು ದಾಲ್ಚಿನ್ನಿ ಬೆರೆಸಿದ ಸೇಬಿನ ತಿರುಳಿನ ಪುಟ್ಟ ಪೊಟ್ಟಣವನ್ನು. ಮಕ್ಕಳಿಗೆ ಒಳ್ಳೆಯದು ಎಂದುಕೊಂಡೇ ತಂದೆತಾಯಿ ಅದನ್ನು ಕೊಂಡಿದ್ದರು. ಕೆಲವೇ ತಿಂಗಳಲ್ಲಿ ದೇಶದಾದ್ಯಂತ 500ಕ್ಕೂ ಹೆಚ್ಚು ಶಂಕಿತ ಮತ್ತು ಖಚಿತ ಪ್ರಕರಣಗಳು ವರದಿಯಾದವು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಬಳಕೆಯಾದ ದಾಲ್ಚಿನ್ನಿ ಪುಡಿಯನ್ನು ಪರೀಕ್ಷೆಗೆ ಒಳಪಡಿಸಿದಾಗ ಒಂದು ಮಾದರಿಯಲ್ಲಿ 2,270 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು), ಇನ್ನೊಂದರಲ್ಲಿ 5,110 ಪಿಪಿಎಂ ಸೀಸ ಸಿಕ್ಕಿತು. ತೊಗಟೆ ಜಾತಿಯ ಮಸಾಲೆಗಳಿಗೆ ಅಂತರರಾಷ್ಟ್ರೀಯ ಆಹಾರ ಮಾನದಂಡ ಸಂಸ್ಥೆ ಕೋಡೆಕ್ಸ್ ಆಗ ಪರಿಶೀಲಿಸುತ್ತಿದ್ದ ಮಿತಿ 2.5 ಪಿಪಿಎಂ. ಎರಡನೇ ಮಾದರಿಯಲ್ಲಿ ಸಿಕ್ಕಿದ್ದು ಅದರ ಎರಡು ಸಾವಿರ ಪಟ್ಟು.

ಮಕ್ಕಳಿಗೆ ಮಸಾಲೆ ಒಳ್ಳೆಯದೇ ಎಂಬ ಪ್ರಶ್ನೆ ಬಂದಾಗಲೆಲ್ಲ ಚರ್ಚೆ ಅರಿಶಿನದ ಗುಣ, ಶುಂಠಿಯ ಗುಣ ಎಂದು ಗುಣಗಳ ಸುತ್ತಲೇ ಸುತ್ತುತ್ತದೆ. ಗುಣ ಸುಳ್ಳಲ್ಲ. ಆದರೆ ಮಗುವಿನ ಮಟ್ಟಿಗೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳಿವೆ: ಆ ಪುಡಿಯ ಜೊತೆ ಇನ್ನೇನು ಒಳಗೆ ಹೋಗುತ್ತಿದೆ, ಮಗುವಿನ ತೂಕಕ್ಕೆ ಅದು ಎಷ್ಟಾಯಿತು, ಅದು ಊಟದಲ್ಲಿ ಬೆಂದು ಹೋಗುತ್ತಿದೆಯೋ ಅಥವಾ ಎಣ್ಣೆ, ಸಾರ, ಮಾತ್ರೆಯ ರೂಪದಲ್ಲಿ ಹೋಗುತ್ತಿದೆಯೋ. ಊಟದ ಭಾಗವಾಗಿ ಮಸಾಲೆ ಮಗುವಿಗೆ ನಿಜವಾದ ಉಪಕಾರ ಮಾಡುತ್ತದೆ. ಅದೇ ವಸ್ತುವನ್ನು ಮದ್ದೆಂದು ಅಳೆಯದೆ ಕೊಟ್ಟಾಗ ಲೆಕ್ಕ ತಪ್ಪುತ್ತದೆ.

ಮೊದಲು ಶುದ್ಧತೆ

ಸೀಸದ ವಿಷಯದಲ್ಲಿ ಮಗು ದೊಡ್ಡವರ ಚಿಕ್ಕ ಪ್ರತಿಯಲ್ಲ. ನುಂಗಿದ ಸೀಸದಲ್ಲಿ ದೊಡ್ಡವರ ದೇಹ ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಭಾಗವನ್ನು ಎಳೆಯ ಮಕ್ಕಳ ದೇಹ ಹೀರಿಕೊಳ್ಳುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಕೊರತೆ ಇರುವ ಮಗುವಿನಲ್ಲಿ ಈ ಪ್ರಮಾಣ ಇನ್ನೂ ಏರುತ್ತದೆ. ಸುರಕ್ಷಿತ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲ. ಮಕ್ಕಳಿಗೆ ಆಹಾರದಿಂದ ಬರುವ ಸೀಸಕ್ಕೆ ಎಫ್‌ಡಿಎ ಇಟ್ಟುಕೊಂಡಿರುವ ಉಲ್ಲೇಖ ಮಟ್ಟ ದಿನಕ್ಕೆ 2.2 ಮೈಕ್ರೋಗ್ರಾಂ. ಈಗ ಲೆಕ್ಕ ಹಾಕಿ: 10 ಪಿಪಿಎಂ ಸೀಸ ಇರುವ ಪುಡಿಯ ಕಾಲು ಗ್ರಾಂನಲ್ಲಿ 2.5 ಮೈಕ್ರೋಗ್ರಾಂ ಸೀಸ ಇರುತ್ತದೆ. ಕಾಲು ಗ್ರಾಂ ಎಂದರೆ ಒಂದು ಚಿಟಿಕೆ, ಅಷ್ಟೇ.

ಸೀಸ ಮಸಾಲೆಗೆ ಬರುವ ದಾರಿ ಎರಡು. ಮಣ್ಣು, ಹೊಗೆ, ಹಳೆಯ ಯಂತ್ರಗಳಿಂದ ಸ್ವಲ್ಪ ಸೇರುತ್ತದೆ. ನೂರು, ಸಾವಿರ ಪಿಪಿಎಂ ಕಾಣಿಸಿದರೆ ಅದು ಬೇಕೆಂದೇ ಬೆರೆಸಿದ್ದು. ಸೀಸವಿರುವ ಲೆಡ್ ಕ್ರೋಮೇಟ್ ಎಂಬ ಹಳದಿ ಬಣ್ಣದ ಪುಡಿ ಮಂಕಾದ ಅರಿಶಿನಕ್ಕೆ ಹೊಳಪು ಕೊಡುತ್ತದೆ, ತೂಕವೂ ಏರುತ್ತದೆ. ಬಾಂಗ್ಲಾದೇಶದಲ್ಲಿ ಗರ್ಭಿಣಿಯರ ರಕ್ತದಲ್ಲಿದ್ದ ಸೀಸದ ಮೂಲ ಹುಡುಕಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸ್ಥಳೀಯ ಸಹೋದ್ಯೋಗಿಗಳು 2019ರಲ್ಲಿ ಅರಿಶಿನವನ್ನು ಬೊಟ್ಟುಮಾಡಿ ತೋರಿಸಿದರು. ಸರ್ಕಾರ ದಾಳಿ, ದಂಡ, ಜಾಗೃತಿ ಮೂರನ್ನೂ ಒಟ್ಟಿಗೆ ಮಾಡಿತು. ಆ ವರ್ಷ ಪೇಟೆಯ ಮಾದರಿಗಳಲ್ಲಿ ಶೇ 47ರಲ್ಲಿ ಕಾಣಿಸಿದ್ದ ಸೀಸ 2021ರ ಹೊತ್ತಿಗೆ ಶೂನ್ಯಕ್ಕೆ ಇಳಿಯಿತು. ಆಡಳಿತ ಮನಸ್ಸು ಮಾಡಿದರೆ ಎರಡೇ ವರ್ಷದಲ್ಲಿ ಆಗುವ ಕೆಲಸ ಇದು.

ಮನೆಯಲ್ಲಿ ಏನು ಮಾಡಬಹುದು? ಪುಡಿಯನ್ನು ನೀರಿಗೆ ಹಾಕಿ ನೋಡುವ ಪರೀಕ್ಷೆ ಸೀಸವನ್ನು ಹಿಡಿಯುವುದಿಲ್ಲ. ನೀರಿನಲ್ಲಿ ಕರಗುವ ಕೃತಕ ಬಣ್ಣವಿದ್ದರೆ ಗೊತ್ತಾಗಬಹುದು. ಲೆಡ್ ಕ್ರೋಮೇಟ್ ನೀರಿನಲ್ಲಿ ಕರಗುವುದೇ ಇಲ್ಲ. ಕುದಿಸಿದರೂ ಹುರಿದರೂ ಸೀಸ ಹೋಗುವುದಿಲ್ಲ. ಇಡೀ ಕೊಂಬು, ಇಡೀ ಕಾಳು ತಂದು ಮನೆಯಲ್ಲಿ ಪುಡಿ ಮಾಡುವುದು ಒಳ್ಳೆಯ ಅಭ್ಯಾಸವೇ. ಆದರೆ ಅರಿಶಿನದಲ್ಲಿ ಮಾತ್ರ ಅದೂ ಪೂರ್ತಿ ಭರವಸೆಯಲ್ಲ, ಏಕೆಂದರೆ ಬಣ್ಣ ಹಚ್ಚುವುದು ಕೊಂಬಿಗೆ ಪಾಲಿಶ್ ಮಾಡುವಾಗಲೇ. ಕೊಂಬನ್ನು ಒಣ ಅಂಗೈಯಲ್ಲಿ ಉಜ್ಜಿದಾಗ ದಟ್ಟ ಹಳದಿ ಪುಡಿ ಅಂಟಿದರೆ, ಹೊರಮೈ ಒಂದೇ ಸಮನೆ ಥಳಥಳಿಸುತ್ತಿದ್ದರೆ ಅದನ್ನು ಬಿಡಿ. ಬೇಯಿಸಿ ಒಣಗಿಸಿದ ಸಾಚಾ ಕೊಂಬಿನ ಸಿಪ್ಪೆ ಮಂಕಾಗಿ, ಮಣ್ಣುಬಣ್ಣದ ಗೆರೆಗಳಿಂದ ಕೂಡಿರುತ್ತದೆ. ಬಿಡಿ ಪುಡಿಗಿಂತ ತಯಾರಿಕಾ ಸಂಖ್ಯೆ ಮತ್ತು ಪರೀಕ್ಷೆಯ ವಿವರ ಇರುವ ಪೊಟ್ಟಣ ವಾಸಿ. ಒಂದೇ ಮೂಲದಿಂದ ವರ್ಷಗಟ್ಟಲೆ ಕೊಳ್ಳದೆ ಆಗಾಗ ಬದಲಿಸಿದರೆ, ಒಂದು ಮೂಲ ಕೆಟ್ಟಿದ್ದರೂ ಅದು ಮಗುವಿನ ಮೈಯಲ್ಲಿ ದೀರ್ಘಕಾಲ ಸೇರುತ್ತಾ ಹೋಗುವುದು ತಪ್ಪುತ್ತದೆ. ಅನುಮಾನ ಬಂದರೆ ರಕ್ತಪರೀಕ್ಷೆಯೊಂದೇ ಉತ್ತರ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರಿಂದ ಡೆಸಿಲೀಟರ್ ರಕ್ತಕ್ಕೆ 3.5 ಮೈಕ್ರೋಗ್ರಾಂ ಮುಟ್ಟಿದ ಮಗುವಿನ ಮೇಲೆ ನಿಗಾ ಇಡಲು ಹೇಳುತ್ತಿದೆ. ಆ ಮಟ್ಟದಲ್ಲಿ ಮಗು ಹೊರನೋಟಕ್ಕೆ ಚೆನ್ನಾಗಿಯೇ ಇರುತ್ತದೆ. ಲಕ್ಷಣ ಕಾಣಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಸೀಸದ ನಂತರ ರೋಗಾಣುಗಳು. ಒಣಗಿದ ಪುಡಿಯಲ್ಲಿ ಸಾಲ್ಮೊನೆಲ್ಲಾ ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ತಿಂಗಳುಗಟ್ಟಲೆ ಸುಮ್ಮನೆ ಕಾಯುತ್ತದೆ. ಅದನ್ನು ಕೊಲ್ಲಲು ಕೆಲವು ಕಡೆ ಎಥಿಲೀನ್ ಆಕ್ಸೈಡ್ ಅನಿಲ ಹಾಯಿಸುತ್ತಾರೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಕೆಲವು ಮಸಾಲೆ ಮಿಶ್ರಣಗಳ ಮಾರಾಟ ನಿಲ್ಲಿಸಿದ್ದು ಇದರ ಉಳಿಕೆ ಸಿಕ್ಕಿದ್ದರಿಂದ; ಅದು ಕ್ಯಾನ್ಸರ್‌ಕಾರಕವೆಂದು ಖಚಿತವಾದ ವಸ್ತು. ಅಡುಗೆಮನೆಯಲ್ಲಿ ಪಾಲಿಸಬೇಕಾದ ನಿಯಮ ಸರಳ: ಐದು ವರ್ಷದೊಳಗಿನ ಮಕ್ಕಳಿಗೆ ಮಸಾಲೆ ಪುಡಿಯನ್ನು ಬೆಂದ ಊಟದ ಮೇಲೆ ಉದುರಿಸಬೇಡಿ, ಊಟದೊಳಗೆ ಹಾಕಿ ಕುದಿಸಿ. ಕುದಿದರೂ ಉಳಿಯುವ ಬೀಜಕಣಗಳಿವೆ. ಊಟ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅವು ಮೊಳೆಯುತ್ತವೆ. ಎರಡು ಗಂಟೆಯೊಳಗೆ ಉಣ್ಣಿಸಿ, ಉಳಿದದ್ದನ್ನು ಫ್ರಿಜ್‌ಗೆ ಹಾಕಿ. ಡಬ್ಬಿಯನ್ನು ಕುದಿಯುವ ಪಾತ್ರೆಯ ಮೇಲೆ ಬಗ್ಗಿಸಿ ಉದುರಿಸುವ ಅಭ್ಯಾಸವಿದ್ದರೆ ಬಿಡಿ. ಮೇಲೇರುವ ಹಬೆ ಡಬ್ಬಿಯೊಳಗೆ ಹೋಗಿ ಪುಡಿ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುವುದು ಅಲ್ಲಿಂದಲೇ ಶುರು. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಮೆಣಸಿನ ಪುಡಿ, ಜಾಯಿಕಾಯಿ, ಒಣಶುಂಠಿಯನ್ನು ಒಣಗಿಸಿ ಮತ್ತೆ ಬಳಸಬೇಡಿ. ಬೂಷ್ಟಿನ ವಿಷ ಬಿಸಿಲಿಗೆ ಹೋಗುವಂಥದ್ದಲ್ಲ.

ಅರಿಶಿನದ ಲೆಕ್ಕ

ಪುಡಿ ಶುದ್ಧವಾಗಿಯೇ ಇದೆ ಎಂದುಕೊಳ್ಳೋಣ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಅದರ ತೂಕದ ಶೇ 3ರ ಆಸುಪಾಸು. ನಾಲ್ಕು ಜನರ ಅಡುಗೆಗೆ ಕಾಲು ಟೀ ಚಮಚ ಹಾಕಿದರೆ ಅದು ಮುಕ್ಕಾಲು ಗ್ರಾಂ, ಅದರಲ್ಲಿ ಕರ್ಕ್ಯುಮಿನ್ ಸುಮಾರು 22 ಮಿಲಿಗ್ರಾಂ. ಮಗುವಿನ ಪಾಲಿಗೆ ಬರುವುದು ಮೂರೋ ನಾಲ್ಕೋ ಮಿಲಿಗ್ರಾಂ. ಉರಿಯೂತ ತಗ್ಗಿಸುತ್ತದೆ ಎಂದು ಸುದ್ದಿಯಾಗುವ ಪ್ರಯೋಗಗಳಲ್ಲಿ ದೊಡ್ಡವರಿಗೆ ಕೊಡುವುದು ದಿನಕ್ಕೆ 500 ಮಿಲಿಗ್ರಾಂನಿಂದ ಒಂದೆರಡು ಗ್ರಾಂವರೆಗೆ. ಊಟದ ಅರಿಶಿನಕ್ಕೆ ಆ ಫಲಿತಾಂಶವನ್ನು ಅಂಟಿಸುವಂತಿಲ್ಲ.

ಹಾಗಾದರೆ ಹೆಚ್ಚು ಕೊಡೋಣ, ಕರಿಮೆಣಸು ಸೇರಿಸೋಣ ಎಂಬುದು ಮುಂದಿನ ಯೋಚನೆ. ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಖಾರದ ಅಂಶವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ಅದು 20 ಪಟ್ಟು ಹೆಚ್ಚಿತು ಎಂದು 1998ರ ಪ್ರಯೋಗವೊಂದು ತೋರಿಸಿತು. ಇದನ್ನೇ ಹಿಡಿದು ಮಾತ್ರೆಗಳು ಬಂದವು. ಆದರೆ ಪೈಪರಿನ್ ಕೆಲಸ ಮಾಡುವುದು ಯಕೃತ್ತು ಮತ್ತು ಕರುಳಿನ ಗೋಡೆ ಹೊರವಸ್ತುಗಳನ್ನು ಒಡೆದು ಹೊರಹಾಕುವ ಕೆಲಸಕ್ಕೆ ತಡೆಯೊಡ್ಡಿ. ಅದು ಕರ್ಕ್ಯುಮಿನ್ ಒಂದಕ್ಕೇ ಬಾಗಿಲು ತೆರೆಯುವುದಿಲ್ಲ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್ ಮಟ್ಟವನ್ನೂ ಅದು ಏರಿಸುತ್ತದೆ. ಇವೆರಡರಲ್ಲೂ ಔಷಧಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ಅಮೆರಿಕದ ಯಕೃತ್ ಹಾನಿ ಅಧ್ಯಯನ ಜಾಲ 2022ರಲ್ಲಿ ಅರಿಶಿನದ ಮಾತ್ರೆಗಳಿಂದಾದ ಹತ್ತು ಪ್ರಕರಣಗಳನ್ನು ದಾಖಲಿಸಿತು. ಅವರೆಲ್ಲ ದೊಡ್ಡವರು. ಮಕ್ಕಳ ಮೇಲೆ ಅದನ್ನು ಪ್ರಯೋಗಿಸಲು ಕಾರಣವೇ ಇಲ್ಲ. ಊಟದಲ್ಲಿ ಬೀಳುವ ಕರಿಮೆಣಸಿನ ಪುಡಿಯಿಂದ ಈ ಭಯ ಬೇಡ. ಮಾತ್ರೆ ಮತ್ತು ಸಾರದಿಂದ ಬೇಕು.

ಪೋಷಕಾಂಶದ ಮಾತೂ ಹೀಗೆಯೇ. ಜೀರಿಗೆಯಲ್ಲಿ ನೂರು ಗ್ರಾಂಗೆ 66 ಮಿಲಿಗ್ರಾಂ ಕಬ್ಬಿಣ ಇದೆ ಎಂದು ಓದಿದರೆ ಬೆರಗಾಗುತ್ತದೆ. ಮಗು ತಿನ್ನುವುದು ಅರ್ಧ ಗ್ರಾಂ ಜೀರಿಗೆ, ಅದರಲ್ಲಿ ಕಬ್ಬಿಣ ಮೂರನೇ ಒಂದು ಮಿಲಿಗ್ರಾಂ, ಅದರಲ್ಲೂ ರಕ್ತಕ್ಕೆ ಸೇರುವುದು ಚೂರು. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 7 ಮಿಲಿಗ್ರಾಂ. ರಕ್ತಹೀನತೆಗೆ ಜೀರಿಗೆ ನೀರು ಉತ್ತರವಲ್ಲ. ಆದರೆ ಇಲ್ಲೊಂದು ಆಸಕ್ತಿಯ ಸಂಗತಿಯಿದೆ. ಧಾನ್ಯ ಮತ್ತು ಬೇಳೆಯ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ಅವುಗಳಲ್ಲಿರುವ ಕಬ್ಬಿಣ ಮತ್ತು ಸತು ಹೆಚ್ಚಾಗಿ ಬಿಡುಗಡೆಯಾಗುತ್ತವೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಮಸಾಲೆ ತಾನೇ ಪೋಷಣೆ ಕೊಡುವುದಕ್ಕಿಂತ ತಟ್ಟೆಯಲ್ಲಿರುವ ಪೋಷಣೆಯನ್ನು ಒಳಗೆ ತಲುಪಿಸುವುದರಲ್ಲಿ ನೆರವಾಗುತ್ತದೆ ಎಂದು ಇದನ್ನು ಓದಬಹುದು. ಕೊನೆಯಲ್ಲಿ ಹಿಂಡುವ ನಿಂಬೆರಸಕ್ಕೂ ಇದೇ ಮಾತು ಸಲ್ಲುತ್ತದೆ.

ರುಚಿಯೇ ಮುಖ್ಯ ಲಾಭ

ಮಸಾಲೆಯಿಂದ ಮಗುವಿಗೆ ಸಿಗುವ ಅತಿ ದೊಡ್ಡ ಲಾಭ ಯಾವ ರಾಸಾಯನಿಕದ್ದೂ ಅಲ್ಲ, ರುಚಿಯದ್ದು. ಬರೇ ಬೆಂದ ತರಕಾರಿಯನ್ನು ಉಗುಳುವ ಮಗು ಅದೇ ತರಕಾರಿಗೆ ಜೀರಿಗೆಯ ಘಮ ಬಂದಾಗ ತಿಂದರೆ, ಆ ದಿನ ಅದರ ಹೊಟ್ಟೆಗೆ ಬೇಳೆ, ಸೊಪ್ಪು, ಕುಂಬಳ ಹೋಯಿತು. ಉಪ್ಪು, ಸಕ್ಕರೆ ಸುರಿಯದೆಯೇ ಹೋಯಿತು. ಒಂದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಒಂದು ಗ್ರಾಂಗಿಂತ ಕಡಿಮೆ ಉಪ್ಪು, ಒಂದರಿಂದ ಮೂರು ವರ್ಷಕ್ಕೆ ಎರಡು ಗ್ರಾಂ, ನಾಲ್ಕರಿಂದ ಆರಕ್ಕೆ ಮೂರು ಗ್ರಾಂ ಎಂಬುದು ಬ್ರಿಟನ್ನಿನ ಆರೋಗ್ಯ ಸೇವೆಯ ಮಿತಿ. ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಅಡುಗೆಯಾದರೆ ಈ ಮಿತಿ ಸುಲಭವಾಗಿ ದಾಟುತ್ತದೆ. ಉಪ್ಪು ಹಾಕುವ ಮೊದಲೇ ಮಗುವಿನ ಪಾಲು ತೆಗೆದಿಟ್ಟು, ಅದಕ್ಕೆ ಮಸಾಲೆಯ ಘಮ ಕೊಟ್ಟರೆ ಸಮಸ್ಯೆ ಬಗೆಹರಿಯುತ್ತದೆ.

ರುಚಿಯ ಪಾಠ ಹುಟ್ಟುವ ಮೊದಲೇ ಶುರುವಾಗಿ ಎದೆಹಾಲಿನಲ್ಲಿ ಮುಂದುವರಿಯುತ್ತದೆ. ತಾಯಿ ಬೆಳ್ಳುಳ್ಳಿ ತಿಂದ ಸುಮಾರು ಎರಡು ಗಂಟೆಗೆ ಅದರ ವಾಸನೆ ಎದೆಹಾಲಿನಲ್ಲಿ ಹೆಚ್ಚು ಇರುತ್ತದೆ, ಆಗ ಶಿಶುಗಳು ಇನ್ನಷ್ಟು ಹೊತ್ತು ಮೊಲೆ ಕಚ್ಚಿರುತ್ತವೆ ಎಂದು ಅಮೆರಿಕದ ಸಂಶೋಧಕರಾದ ಜೂಲಿ ಮೆನೆಲ್ಲಾ ಮತ್ತು ಗ್ಯಾರಿ ಬೋಚಾಂಪ್ 1991ರಲ್ಲಿ ತೋರಿಸಿದರು. ಬಾಣಂತಿಗೆ ಸಪ್ಪೆ ಊಟವೇ ಬೇಕೆಂಬ ಕಟ್ಟುನಿಟ್ಟಿಗೆ ಇದರಲ್ಲಿ ಬೆಂಬಲವಿಲ್ಲ.

ಆರು ತಿಂಗಳು ತುಂಬಿ ಗಟ್ಟಿ ಆಹಾರ ಶುರುವಾದ ಮೇಲೆ ಕ್ರಮ ಹೀಗಿರಲಿ. ಮೊದಲ ಕೆಲವು ವಾರ ಧಾನ್ಯ, ಬೇಳೆ, ತರಕಾರಿ ತಮ್ಮದೇ ರುಚಿಯಲ್ಲಿ ಹೋಗಲಿ. ಆಮೇಲೆ ಸೌಮ್ಯವಾದವು: ಜೀರಿಗೆ, ಕೊತ್ತಂಬರಿ ಬೀಜ, ಅರಿಶಿನ, ಕೊತ್ತಂಬರಿ ಸೊಪ್ಪು, ಪುದೀನ. ಒಮ್ಮೆಗೆ ಒಂದೇ ಹೊಸದು, ಎರಡು ಮೂರು ದಿನ ಅದೇ. ಮೈಮೇಲೆ ದದ್ದು, ವಾಂತಿ, ತುಟಿ ಊತ ಬಂದರೆ ಯಾವುದರಿಂದ ಎಂದು ಆಗ ತಿಳಿಯುತ್ತದೆ. ಹತ್ತು ಬಗೆ ಬೆರೆಸಿದ ಸಿದ್ಧ ಪುಡಿಯಿಂದ ಶುರು ಮಾಡಿದರೆ ತಿಳಿಯುವುದಿಲ್ಲ. ಅರ್ಧ ಬಟ್ಟಲು ಊಟಕ್ಕೆ ಟೀ ಚಮಚದ ಹದಿನಾರನೇ ಒಂದು ಪಾಲು, ಅಂದರೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದ ಸಣ್ಣ ಚಿಟಿಕೆ ಸಾಕು. ಮೂಗಿಗೆ ಘಮ ತಿಳಿಯಬೇಕು, ನಾಲಿಗೆಗೆ ಕಟು ಆಗಬಾರದು. ಮೊದಲ ದಿನ ಮುಖ ಕಿವುಚಿದರೆ ಇಷ್ಟವಿಲ್ಲ ಎಂದು ತೀರ್ಮಾನಿಸಬೇಡಿ. ಎಂಟು ಹತ್ತು ಸಲ ಒತ್ತಾಯವಿಲ್ಲದೆ ಮುಂದಿಟ್ಟ ಮೇಲೆ ಒಪ್ಪುವ ಮಕ್ಕಳೇ ಹೆಚ್ಚು.

ಒಗ್ಗರಣೆಯ ಹದ ಇಲ್ಲಿ ಮುಖ್ಯ. ಜೀರಿಗೆ, ಅರಿಶಿನ ಎರಡರಲ್ಲೂ ಘಮ ಮತ್ತು ಬಣ್ಣ ಕೊಡುವ ಅಂಶಗಳು ಕರಗುವುದು ಜಿಡ್ಡಿನಲ್ಲಿ, ನೀರಿನಲ್ಲಲ್ಲ. ಅರ್ಧ ಟೀ ಚಮಚ ಎಣ್ಣೆಯೋ ತುಪ್ಪವೋ ಬಿಸಿಯಾಗಲಿ, ಹೊಗೆ ಏಳಬಾರದು. ಒಂದು ಜೀರಿಗೆ ಕಾಳು ಹಾಕಿ. ಅದರ ಸುತ್ತ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದರೆ ಹದ ಬಂದಿದೆ. ಉಳಿದದ್ದು ಹಾಕಿ 20–30 ಸೆಕೆಂಡು, ಕಂದು ಬಣ್ಣಕ್ಕೆ ತಿರುಗುತ್ತಿದ್ದಂತೆ ಒಲೆ ಆರಿಸಿ. ಅರಿಶಿನ ಹಾಕುವುದು ಒಲೆ ಆರಿದ ಮೇಲೆ, ಆ ಎಣ್ಣೆಯ ಬಿಸಿಯಲ್ಲೇ. ಉರಿಯ ಮೇಲಿದ್ದಾಗ ಹಾಕಿದರೆ ಕ್ಷಣದಲ್ಲಿ ಸೀದು ಕಹಿಯಾಗುತ್ತದೆ, ಮಗು ಆ ಊಟವನ್ನು ಮತ್ತೆ ಮುಟ್ಟದಿರಲು ಅಷ್ಟೇ ಸಾಕು. ಇದನ್ನು ಬೆಂದ ಬೇಳೆ ಅಥವಾ ತರಕಾರಿಗೆ ಸುರಿದು ಐದು ನಿಮಿಷ ಕುದಿಸಿ, ಇಡೀ ಕಾಳುಗಳನ್ನು ಸೋಸಿ ತೆಗೆಯಿರಿ ಅಥವಾ ನುಣ್ಣಗೆ ಅರೆಯಿರಿ. ಮೆಣಸು, ಲವಂಗ, ಚಕ್ಕೆಯ ತುಂಡು ನಾಲ್ಕು ವರ್ಷದೊಳಗಿನ ಮಗುವಿನ ತಟ್ಟೆಯಲ್ಲಿ ಉಳಿಯಬಾರದು. ಅವು ಶ್ವಾಸನಾಳಕ್ಕೆ ಹೋಗುವ ಗಾತ್ರದವು. ಒಣ ಪುಡಿಯನ್ನು ನಾಲಿಗೆಯ ಮೇಲೆ ಉದುರಿಸುವುದು ಇನ್ನೂ ಅಪಾಯ. ಕರಿಮೆಣಸು, ದಾಲ್ಚಿನ್ನಿ ಪುಡಿ ಉಸಿರಿನೊಂದಿಗೆ ಒಳಗೆ ಹೋದರೆ ಶ್ವಾಸಕೋಶದಲ್ಲಿ ಕರಗುವುದಿಲ್ಲ.

ಮೆಣಸಿನಕಾಯಿಗೆ ಆತುರ ಬೇಡ. ಅಡುಗೆ ಮಾಡಿದ ಕೈಯಿಂದ ಮಗುವಿನ ಕಣ್ಣು ಒರೆಸಿದರೆ ಆಗುವ ಉರಿಗೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು. ಕೈಗೆ ಮೊದಲು ಎಣ್ಣೆ ಉಜ್ಜಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಬಾಯಿ ಉರಿದರೆ ನೀರಿಗಿಂತ ಹಾಲು, ಮೊಸರು ಬೇಗ ಶಮನ ಮಾಡುತ್ತವೆ.

ಅಲರ್ಜಿ ವಿಷಯ ಚುಟುಕಾಗಿ. ಸಾಸಿವೆ, ಎಳ್ಳು ಮಸಾಲೆ ಡಬ್ಬಿಯಲ್ಲಿದ್ದರೂ ಯುರೋಪಿನ ಕಾನೂನಿನಲ್ಲಿ ಮುಖ್ಯ ಅಲರ್ಜಿಕಾರಕಗಳ ಪಟ್ಟಿಯಲ್ಲಿವೆ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಮೆಂತ್ಯವೂ ಆಗದಿರಬಹುದು, ಎರಡೂ ಒಂದೇ ಸಸ್ಯಕುಲದವು. ಪೇಟೆಯ ಇಂಗಿನ ಪುಡಿಯಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಗೋಧಿ ಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆಯ ಮಗುವಿನ ಮನೆಯವರು ಲೇಬಲ್ ಓದಲೇಬೇಕು.

ಆರು ತಿಂಗಳೊಳಗೆ

ಆರು ತಿಂಗಳವರೆಗೆ ಎದೆಹಾಲು ಮಾತ್ರ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಾತಿನಲ್ಲಿ ಸೋಂಪಿನ ನೀರು, ಓಮದ ನೀರು, ಜೀರಿಗೆ ನೀರು ಎಲ್ಲಕ್ಕೂ ಬೇಡ ಎಂಬುದು ಸೇರಿದೆ. ಕಾರಣ ಆ ಬೀಜಗಳಿಗಿಂತ ಹೆಚ್ಚಾಗಿ ನೀರಿನದ್ದು. ಎಳೆಯ ಶಿಶುವಿನ ಹೊಟ್ಟೆ ಪುಟ್ಟದು, ನೀರು ತುಂಬಿದಷ್ಟು ಹಾಲಿಗೆ ಜಾಗ ಕಡಿಮೆ. ಮೂತ್ರಪಿಂಡ ಇನ್ನೂ ಬಲಿತಿರುವುದಿಲ್ಲ, ನೀರು ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಸೆಳವು ಬರಬಹುದು.

ಸಂಜೆ ಹೊತ್ತು ಬಿಡದೆ ಅಳುವ ಶಿಶುವಿಗೆ ಏನಾದರೂ ಕೊಡಬೇಕೆಂಬ ತವಕ ಯಾವ ತಂದೆತಾಯಿಗೂ ಸಹಜ. ಸೋಂಪಿಗೆ ಒಂದಿಷ್ಟು ಪುರಾವೆಯೂ ಇದೆ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 125 ಶಿಶುಗಳ ಪೈಕಿ ಶೇ 0.1ರ ಸೋಂಪಿನ ಎಣ್ಣೆಯ ದ್ರಾವಣ ಪಡೆದವರಲ್ಲಿ ಶೇ 65 ಮಂದಿಗೆ ಅಳು ತಗ್ಗಿತು. ಬರೇ ದ್ರಾವಣ ಪಡೆದವರಲ್ಲಿ ಶೇ 24ರಷ್ಟು ಮಂದಿಗೆ. ಆದರೆ ಅದು ಅಳೆದು ತಯಾರಿಸಿದ ದ್ರಾವಣ, ಮನೆಯಲ್ಲಿ ಕುದಿಸಿದ ನೀರಲ್ಲ. ಸೋಂಪಿನಲ್ಲಿ ಎಸ್ಟ್ರಾಗೋಲ್ ಎಂಬ ಅಂಶವಿದೆ, ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದು. ಎಳೆಯ ಮಕ್ಕಳಿಗೆ ಸೋಂಪಿನ ಔಷಧ ಬೇಡವೆಂದು ಯುರೋಪಿನ ಔಷಧ ಸಂಸ್ಥೆ ಹೇಳುವುದು ಅದರಿಂದಲೇ. ಇನ್ನೊಂದು ವಿಷಯ ಮರೆಯಬಾರದು: ಈ ಅಳು ಸುಮಾರು ಆರನೇ ವಾರಕ್ಕೆ ತುತ್ತತುದಿ ಮುಟ್ಟಿ ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಎರಡನೇ ತಿಂಗಳಲ್ಲಿ ಏನು ಕೊಟ್ಟರೂ ಅದರಿಂದಲೇ ವಾಸಿಯಾಯಿತು ಎನಿಸುವುದು ಹೀಗೆ.

ಚಕ್ರಮೊಗ್ಗನ್ನು ಶಿಶುವಿಗೆ ಯಾವ ರೂಪದಲ್ಲೂ ಕೊಡಬೇಡಿ. ಅಡುಗೆಗೆ ಬಳಸುವ ಜಾತಿಗೆ ತದ್ರೂಪವಾದ ಜಪಾನೀ ಜಾತಿಯೊಂದಿದೆ. ಅದರಲ್ಲಿರುವ ಅನಿಸಾಟಿನ್ ನರಮಂಡಲಕ್ಕೆ ವಿಷ. ಒಣಗಿದ ಮೇಲೆ ಎರಡನ್ನೂ ಕಣ್ಣಿನಿಂದ ಬೇರ್ಪಡಿಸಲಾಗದು. ಚಕ್ರಮೊಗ್ಗಿನ ಚಹಾ ಕುಡಿದ ಸುಮಾರು 40 ಜನ ಅಸ್ವಸ್ಥರಾದದ್ದನ್ನು ಎಫ್‌ಡಿಎ 2003ರಲ್ಲಿ ಪ್ರಕಟಿಸಿತು. ಅವರಲ್ಲಿ 15ರಷ್ಟು ಶಿಶುಗಳು. ಸೆಳವು, ವಾಂತಿ, ಕಣ್ಣುಗುಡ್ಡೆ ಅದುರುವುದು ಲಕ್ಷಣಗಳಾಗಿದ್ದವು. ಇಂಗಿನದ್ದೂ ಒಂದು ಪಾಠವಿದೆ. ಐದು ವಾರದ ಶಿಶುವಿಗೆ ಹೊಟ್ಟೆನೋವಿಗೆಂದು ಇಂಗಿನ ತಯಾರಿಕೆ ಕೊಟ್ಟು, ರಕ್ತ ಆಮ್ಲಜನಕ ಹೊರಲಾಗದ ಸ್ಥಿತಿಗೆ ಹೋದ ಪ್ರಕರಣ 1984ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಯಿತು. ಮಗು ನೀಲಿಗಟ್ಟಿತ್ತು. ದೊಡ್ಡ ಮಗುವಿನ ಬೇಳೆಗೆ ಬೀಳುವ ಇಂಗಿನ ಚೂರಿನಿಂದ ಹೀಗಾಗುವುದಿಲ್ಲ. ಐದು ವಾರದ ಕೂಸಿನ ರಕ್ತದಲ್ಲಿ ಅದನ್ನು ಸರಿಪಡಿಸುವ ಕಿಣ್ವವೇ ಇನ್ನೂ ಸಾಕಷ್ಟಿರುವುದಿಲ್ಲ.

ಜೇನುತುಪ್ಪ ಮಸಾಲೆಯಲ್ಲದಿದ್ದರೂ ಎಲ್ಲ ಮನೆಮದ್ದಿನ ಜೊತೆ ಬರುತ್ತದೆ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಅದರಲ್ಲಿರಬಹುದಾದ ಬಾಟ್ಯುಲಿಸಂ ಬೀಜಕಣಗಳು ಶಿಶುವಿನ ಕರುಳಿನಲ್ಲಿ ಮೊಳೆತು ವಿಷ ಉಗುಳುತ್ತವೆ. ಮಲಬದ್ಧತೆ, ಕ್ಷೀಣ ಅಳು, ಜೋಲುವ ಕತ್ತು, ಆಮೇಲೆ ಉಸಿರಾಟದ ತೊಂದರೆ. ಬಿಸಿ ಮಾಡಿದರೆ ಸಾಯುತ್ತವೆ ಎಂಬ ನಂಬಿಕೆ ತಪ್ಪು. ಅವನ್ನು ಕೊಲ್ಲಲು 121 ಡಿಗ್ರಿ ಒತ್ತಡದ ಹಬೆ ಬೇಕು.

ಕೆಮ್ಮಿಗೆ, ಹೊಟ್ಟೆಗೆ

ಒಂದು ವರ್ಷ ದಾಟಿದ ಮೇಲೆ ಅದೇ ಜೇನುತುಪ್ಪ ಕೆಮ್ಮಿಗೆ ಒಳ್ಳೆಯ ಪುರಾವೆಯಿರುವ ಮನೆಮದ್ದು. 2012ರ ಪ್ರಯೋಗವೊಂದರಲ್ಲಿ ಒಂದರಿಂದ ಐದು ವರ್ಷದ 300 ಮಕ್ಕಳ ಪೈಕಿ ಮಲಗುವ ಅರ್ಧ ಗಂಟೆ ಮೊದಲು 10 ಗ್ರಾಂ ಜೇನುತುಪ್ಪ ಪಡೆದವರಲ್ಲಿ, ಖರ್ಜೂರದ ಪಾಕ ಪಡೆದವರಿಗಿಂತ ರಾತ್ರಿ ಕೆಮ್ಮು ಹೆಚ್ಚು ತಗ್ಗಿತು, ನಿದ್ದೆಯೂ ಬಂತು. ಅಷ್ಟೂ ಬೇಕಿಲ್ಲ, ಅರ್ಧದಿಂದ ಒಂದು ಟೀ ಚಮಚ ಸಾಕು. ಶುಂಠಿ ಸೇರಿಸುವುದಾದರೆ ತುರಿದು ಹಿಂಡಿದ ರಸ ಎರಡು ಮೂರು ಹನಿ. ಶುಂಠಿ ಒಣಗಿದಾಗ ಅದರ ಜಿಂಜರಾಲ್ ಶೋಗಾಲ್ ಆಗಿ ಬದಲಾಗಿ ಖಾರ ಏರುತ್ತದೆ. ಹಸಿಯದ್ದರ ಅಳತೆಯಲ್ಲಿ ಒಣಶುಂಠಿ ಹಾಕಿದರೆ ಎದೆಯುರಿ, ವಾಂತಿ ಆಗಬಹುದು. ಪ್ರಯಾಣದ ವಾಕರಿಕೆಗೆ ಒಣಶುಂಠಿ 250ರಿಂದ 500 ಮಿಲಿಗ್ರಾಂ, ಹೊರಡುವ ಅರ್ಧ ಗಂಟೆ ಮೊದಲು, ಅದೂ ಆರು ವರ್ಷ ತುಂಬಿದವರಿಗೆ ಎಂದು ಯುರೋಪಿನ ಔಷಧ ಸಂಸ್ಥೆ ಬಳಕೆಯ ಅಳತೆ ಕೊಟ್ಟಿದೆ. ಕಾಲು ಟೀ ಚಮಚ ಅದರ ಮೇಲ್ಮಿತಿಗೆ ಹತ್ತಿರ.

ಪುದೀನದ ಉದಾಹರಣೆ ಊಟಕ್ಕೂ ಔಷಧಕ್ಕೂ ಇರುವ ಅಂತರವನ್ನು ಚೆನ್ನಾಗಿ ತೋರಿಸುತ್ತದೆ. ಕರುಳಿನ ಸೆಳೆತದ ತೊಂದರೆಯಿದ್ದ 42 ಮಕ್ಕಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯ ಮಾತ್ರೆ ಪಡೆದವರಲ್ಲಿ ಎರಡು ವಾರಕ್ಕೆ ಶೇ 75 ಮಂದಿಗೆ ನೋವು ತಗ್ಗಿತು. ಆ ಮಾತ್ರೆಯ ಕವಚ ಹೊಟ್ಟೆಯಲ್ಲಿ ಕರಗದೆ ಕರುಳಿನಲ್ಲಿ ಕರಗುವಂಥದ್ದು. ಅದೇ ಎಣ್ಣೆ ಹೊಟ್ಟೆಯಲ್ಲೇ ಬಿಡುಗಡೆಯಾದರೆ ಅನ್ನನಾಳದ ಕೆಳಬಾಗಿಲನ್ನು ಸಡಿಲಿಸಿ ಹುಳಿ ಮೇಲೆ ನುಗ್ಗುತ್ತದೆ. ಎಲೆಯ ಚಟ್ನಿ ತಿನ್ನಲಿ. ಎಣ್ಣೆ ವೈದ್ಯರಿಗೆ ಬಿಟ್ಟದ್ದು.

ಭೇದಿಗೆ ಯಾವ ಕಷಾಯವೂ ಓಆರ್‌ಎಸ್‌ಗೆ ಬದಲಿಯಲ್ಲ. ಅದರ ಜೊತೆ ಸತುವಿನ ಮಾತ್ರೆ 10ರಿಂದ 14 ದಿನ: ಆರು ತಿಂಗಳೊಳಗಿನವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟವರಿಗೆ 20. ಕೆಮ್ಮಿನ ಮಗುವಿನ ಅಂಗಿ ಮೇಲೆತ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಶುಂಠಿಯ ಹೊತ್ತು ಮುಗಿಯಿತು. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೂ ಅಷ್ಟೇ, ಅದೇ ದಿನ ಆಸ್ಪತ್ರೆ.

ದಾಲ್ಚಿನ್ನಿ, ಜಾಯಿಕಾಯಿ, ಲವಂಗದೆಣ್ಣೆ

ದಾಲ್ಚಿನ್ನಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಕ್ಯಾಸಿಯಾ ಜಾತಿಯದು. ಅದರಲ್ಲಿರುವ ಕೂಮರಿನ್ ಕೆಲವರ ಯಕೃತ್ತಿಗೆ ತಾಗುತ್ತದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ದಿನದ ಮಿತಿ ದೇಹತೂಕದ ಕಿಲೋಗೆ 0.1 ಮಿಲಿಗ್ರಾಂ. 15 ಕಿಲೋ ಮಗುವಿಗೆ 1.5 ಮಿಲಿಗ್ರಾಂ, ಅಂದರೆ ಸುಮಾರು ಅರ್ಧ ಗ್ರಾಂ ಕ್ಯಾಸಿಯಾ ಪುಡಿ, ಟೀ ಚಮಚದ ಐದನೇ ಒಂದು ಪಾಲು. ಇದು ದಿನನಿತ್ಯ ತಿನ್ನುವವರ ಲೆಕ್ಕ. ಒಂದು ದಿನ ಹೆಚ್ಚಾದರೆ ಗಾಬರಿ ಬೇಡ. ಪ್ರತಿದಿನ ಬೆಳಗಿನ ಗಂಜಿಗೆ ಹಾಕುವವರು ಸಿಲೋನ್ ಜಾತಿ ಹುಡುಕಿ, ಅದರಲ್ಲಿ ಕೂಮರಿನ್ ಹೆಸರಿಗಷ್ಟೇ. ಕ್ಯಾಸಿಯಾ ಚಕ್ಕೆ ದಪ್ಪ, ಗಟ್ಟಿ, ಒಂದೇ ಪದರದ್ದು. ಸಿಲೋನಿನದು ಕಾಗದದಷ್ಟು ತೆಳುವಾದ ಹಲವು ಪದರಗಳ ಸುರುಳಿ, ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಪುಡಿಯಾಗಿ ಕೊಂಡರೆ ಈ ಗುರುತು ಸಿಗದು.

ಜಾಯಿಕಾಯಿಯನ್ನು ನಿದ್ದೆಗೆಂದು ಕೊಡುವುದನ್ನು ನಿಲ್ಲಿಸಬೇಕು. ನಿದ್ದೆ ತರುವಷ್ಟು ಪ್ರಮಾಣ ಎಂದರೆ ಅದರ ಮಿರಿಸ್ಟಿಸಿನ್ ಮಿದುಳಿನ ಮೇಲೆ ಕೆಲಸ ಮಾಡುವಷ್ಟು ಪ್ರಮಾಣ. ದೊಡ್ಡವರಲ್ಲೇ ಸುಮಾರು 5 ಗ್ರಾಂ, ಅಂದರೆ ಒಂದು ಕಾಯಿಯಷ್ಟು, ಭ್ರಮೆ, ಎದೆಬಡಿತ, ವಾಂತಿ ತರಬಲ್ಲದು. ಹತ್ತು ಕಿಲೋ ಕೂಸಿಗೆ ಆ ಅಂತರ ಎಷ್ಟು ಕಿರಿದಾಗುತ್ತದೆ ಎಂದು ಯೋಚಿಸಿ.

ಎಲ್ಲಕ್ಕಿಂತ ಅಪಾಯಕರ ರೂಪ ಎಣ್ಣೆ. ಲವಂಗದ ಮೊಗ್ಗು ಅನ್ನದಲ್ಲಿದ್ದರೆ ಏನೂ ಆಗದು. ಲವಂಗದೆಣ್ಣೆಯ ಬಹುಪಾಲು ಯೂಜೆನಾಲ್. 5ರಿಂದ 10 ಮಿಲಿಲೀಟರ್ ಕುಡಿದ ಎರಡು ವರ್ಷದ ಮಗು ಕೋಮಾಕ್ಕೆ ಹೋಗಿ ಯಕೃತ್ ಹಾನಿಗೊಳಗಾದ ಪ್ರಕರಣ ದಾಖಲಾಗಿದೆ. ಹಲ್ಲು ಬರುವ ಕೂಸಿನ ವಸಡಿಗೆ ಇದನ್ನು ಹಚ್ಚಬೇಡಿ. ಒದ್ದೆ ಬಟ್ಟೆಯನ್ನು ಫ್ರಿಜ್‌ನಲ್ಲಿ ತಣ್ಣಗಾಗಿಸಿ ಕಚ್ಚಲು ಕೊಟ್ಟರೆ ಸಾಕು. ಕರ್ಪೂರ ಒಂದು ಗ್ರಾಂಗೂ ಕಡಿಮೆ ಪ್ರಮಾಣದಲ್ಲಿ ಎಳೆಯ ಮಗುವಿನ ಪ್ರಾಣ ತೆಗೆಯಬಲ್ಲದು, ನುಂಗಿದ ಕೆಲವೇ ನಿಮಿಷಗಳಲ್ಲಿ ಸೆಳವು ಶುರುವಾಗಬಹುದು. ಕರ್ಪೂರ, ಮೆಂಥಾಲ್, ನೀಲಗಿರಿ ಎಣ್ಣೆಯ ಮುಲಾಮನ್ನು ಎರಡು ವರ್ಷದೊಳಗಿನವರ ಮೂಗಿನ ಬಳಿ ಸವರಬೇಡಿ. ಆ ತೀಕ್ಷ್ಣ ಘಾಟಿಗೆ ಶಿಶುವಿನ ಗಂಟಲು ಬಿಗಿದು ಉಸಿರು ನಿಲ್ಲುವ ಸಾಧ್ಯತೆ ಇದೆ. ಜಜ್ಜಿದ ಹಸಿ ಬೆಳ್ಳುಳ್ಳಿಯನ್ನು ಬಟ್ಟೆಯಲ್ಲಿ ಕಟ್ಟಿ ಎದೆಗೋ ಪಾದಕ್ಕೋ ಇಟ್ಟರೆ ಮಗುವಿನ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ.

ಮಗು ಇಂಥ ಎಣ್ಣೆ ಅಥವಾ ಕರ್ಪೂರ ನುಂಗಿದ ಅನುಮಾನ ಬಂದರೆ ವಾಂತಿ ಮಾಡಿಸಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಇನ್ನಷ್ಟು ಹಾನಿ. ಸೆಳವು ಬಂದ ಹೊತ್ತಿಗೆ ವಾಂತಿಯಾದರೆ ಉಸಿರು ಕಟ್ಟುತ್ತದೆ. ಬಾಯಲ್ಲಿ ಉಳಿದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಹಾಲು, ಎಣ್ಣೆ ಏನನ್ನೂ ಕುಡಿಸದೆ, ಚೆನ್ನಾಗಿಯೇ ಇದೆಯಲ್ಲ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ. ಸೀಸೆಯನ್ನು ಜೊತೆಗೆ ಒಯ್ಯಿರಿ. ಎಷ್ಟು ಮಿಲಿಲೀಟರ್ ಖಾಲಿಯಾಗಿದೆ, ಎಷ್ಟು ಹೊತ್ತಿಗೆ ನುಂಗಿತು, ಮಗುವಿನ ತೂಕ ಎಷ್ಟು ಎಂಬ ಮೂರು ಸಂಗತಿ ವೈದ್ಯರಿಗೆ ಮೊದಲು ಹೇಳಿ. ಅವರು ಚಿಕಿತ್ಸೆ ನಿರ್ಧರಿಸುವುದು ಅವುಗಳ ಮೇಲೆ.